ಎದ್ದೇಳಲಿಕ್ಕೊಂದು ವಯರು

ನಮ್ಮ ಕರಾವಳಿಯ ಹಳೆಯ ಮನೆಗಳಿಗೆ ಮೊದಲು ಕರೆಂಟು ಬಂದಾಗ ವಯರಿಂಗ್ ಮಾಡಿದವರು ಬಹಳ ನಿಶ್ಚಿಂತೆಯ ಜನ. ಚಾವಡಿಗೆ ಒಂದು ಬಲ್ಬು, ಒಂದು ಫ್ಯಾನು, ಒಂದು ರೇಡಿಯೋ. ಅಡುಗೆಮನೆಗೆ ಒಂದು ಬಲ್ಬು, ಮುಂದೆ ಎಂದಾದರೂ ಮಿಕ್ಸಿ ಬಂದರೆ ಇರಲಿ ಎಂದು ಒಂದು ಪ್ಲಗ್ಗು. ಮಕ್ಕಳ ಕೈಗೆ ಸಿಗಬಾರದೆಂದು ರೇಡಿಯೋವನ್ನು ಗೋಡೆಗೆ ಹೊಡೆದ ಹಲಗೆಯ ಮೇಲೆ ಇಡುವುದು ಕ್ರಮ. ಹಾಗಾಗಿ ಪ್ಲಗ್ ಪಾಯಿಂಟೂ ಮನುಷ್ಯನ ತಲೆಯಿಂದ ಒಂದು ಗೇಣು ಮೇಲೆ. ರೇಡಿಯೋ ಹೋಗಿ ಟಿ.ವಿ. ಬಂತು, ಹಲಗೆ ಹೋಗಿ ಷೋಕೇಸು ಬಂತು, ಪ್ಲಗ್ ಪಾಯಿಂಟು ಮಾತ್ರ ಅಲ್ಲೇ ಇದೆ. ಈಗ ಅದರಿಂದ ಎಕ್ಸ್‌ಟೆನ್ಶನ್ ಬೋರ್ಡಿನ ವಯರೊಂದು ಇಳಿದು, ದೇವರ ಫೋಟೋದ ಬದಿಯಿಂದ ಹಾದು, ಕಿಟಕಿಯ ಸರಳಿಗೆ ಒಂದು ಸುತ್ತು ಹಾಕಿ, ಮೇಜಿನ ಕಾಲಿನ ಹತ್ತಿರ ಬಂದು ನಿಲ್ಲುತ್ತದೆ. ಆ ಮೇಜಿನ ಎದುರು ಕೂತವನು ಬೆಂಗಳೂರಿನ ಕಂಪೆನಿಗೆ ಕೆಲಸ ಮಾಡುತ್ತಿದ್ದಾನೆ ಎಂದರೆ ವಯರಿಂಗ್ ಮಾಡಿದವರು ನಂಬಲಾರರು. ಆ ಒಂದೇ ಪ್ಲಗ್ಗಿನಲ್ಲಿ ಮೂರು ಸ್ಕ್ರೀನು ಉರಿಯುತ್ತಿದೆ ಎಂದರೆ ಖಂಡಿತ ಬೈದಾರು.

2020ರ ಮಾರ್ಚಿನ ಲಾಕ್‌ಡೌನು ಇಂಥ ಮೇಜುಗಳನ್ನು ಊರೂರಲ್ಲಿ ಹುಟ್ಟಿಸಿತು. ಬೆಂಗಳೂರಿನ ಬಾಡಿಗೆ ಮನೆಗೆ ಬೀಗ ಹಾಕಿ ಬಂದವರಲ್ಲಿ ಹಲವರು ತಿರುಗಿ ಹೋದರು, ಕೆಲವರು ಹೋಗಲಿಲ್ಲ. ನಾನು ಹೋಗದವರ ಪೈಕಿ. ಕಾಪುವಿನಲ್ಲಿ ಅಪ್ಪನ ಮನೆ. ಮಣಿಪಾಲದಲ್ಲಿ ಆಗಾಗ ಹೋಗಿ ಮುಖ ತೋರಿಸಬೇಕಾದ ಆಫೀಸು. ಕಾರ್ಕಳದಲ್ಲಿ ಒಬ್ಬರೇ ಇರುವ ದೊಡ್ಡಮ್ಮ, ಅವರ ಮಕ್ಕಳೆಲ್ಲ ಪರದೇಶದಲ್ಲಿ. ಮೂರು ಊರಿನಲ್ಲೂ ಕೂತು ಕೆಲಸ ಮಾಡಬೇಕು. ಮೂರು ಕಡೆ ಮೂರು ಕಂಪ್ಯೂಟರು ಇಡುವ ಶಕ್ತಿಯಿಲ್ಲ. ಹೀಗಾಗಿ ನನ್ನ ಚೀಲ ಸೇರಿದ್ದು ಪೋರ್ಟಬಲ್ ಡಾಕಿಂಗ್ ಸ್ಟೇಶನ್. ಅಂಗೈಯಷ್ಟು ಅಗಲದ ಅಲ್ಯೂಮಿನಿಯಂ ತುಂಡು, ಅದಕ್ಕೆ ಒಂದು ಗೇಣು ಬಾಲ. ಚಾರ್ಜರು, ಮಾನಿಟರುಗಳು, ಕೀಬೋರ್ಡು, ಮೌಸು, ಇಂಟರ್ನೆಟ್ಟಿನ ವಯರು ಎಲ್ಲವೂ ಆ ತುಂಡಿಗೆ ಅಂಟಿಕೊಂಡಿರುತ್ತವೆ. ಲ್ಯಾಪ್‌ಟಾಪಿಗೆ ತಾಗುವುದು ಬಾಲ ಒಂದೇ. ಜೊತೆಗೆ ಚೀಲದಲ್ಲಿ 15.6 ಇಂಚಿನ ತೆಳ್ಳಗಿನ ಮಾನಿಟರೊಂದಿದೆ. ಇನ್ನೊಂದು ಸ್ಕ್ರೀನಿಗೆ ಆಯಾ ಮನೆಯ ಟಿ.ವಿ.ಯೇ ಗತಿ.

ಒಬ್ಬ ಮನುಷ್ಯನಿಗೆ ಮೂರು ಸ್ಕ್ರೀನು ಯಾಕೆ ಎಂದು ಕೇಳುವವರಿದ್ದಾರೆ. ನನ್ನ ಕೆಲಸ ಬಿಲ್ಲು ತಾಳೆ ನೋಡುವುದು. ಎಡಗಡೆ ಬಿಲ್ಲು, ನಡುವೆ ಲೆಕ್ಕದ ಹಾಳೆ, ಬಲಗಡೆ ಈಮೇಲು. ಒಂದೇ ಸ್ಕ್ರೀನಿನಲ್ಲಿ ಇವನ್ನು ಹಿಂದೆ ಮುಂದೆ ಎಳೆದಾಡುವಾಗ ಬಿಲ್ಲಿನ ಅಂಕಿ ಲೆಕ್ಕದ ಹಾಳೆಗೆ ಬರುವಷ್ಟರಲ್ಲಿ ದಾರಿಯಲ್ಲೇ ಒಂದು ಸೊನ್ನೆ ಉದುರಿಸಿಕೊಳ್ಳುತ್ತದೆ. ಈ ಸಮಜಾಯಿಷಿಯನ್ನು ಅಪ್ಪನಿಗೆ ಕೊಡುವ ಅಗತ್ಯವೇ ಬೀಳಲಿಲ್ಲ. ಅವರು ಇಲ್ಲೇ ಹುಟ್ಟಿದ ಬ್ಯಾಂಕೊಂದರಲ್ಲಿ ಗುಮಾಸ್ತರಾಗಿ ಸೇರಿ ಮ್ಯಾನೇಜರಾಗಿ ನಿವೃತ್ತರಾದವರು. ಮೇಜನ್ನು ಒಮ್ಮೆ ನೋಡಿ ಹೇಳಿದರು: "ನಮಗೂ ಮೂರೇ ಇದ್ದದ್ದು. ಲೆಡ್ಜರು, ಡೇ ಬುಕ್ಕು, ವೋಚರಿನ ಕಟ್ಟು. ಕರೆಂಟು ಬೇಡ, ಚಾರ್ಜರು ಬೇಡ. ಕುತ್ತಿಗೆ ನೋವು ಮಾತ್ರ ಆಗಲೂ ಇತ್ತು."

ಇಲ್ಲೇ ಹುಟ್ಟಿದ ಬ್ಯಾಂಕು ಎಂದರೆ ಉಡುಪಿಯ ಜನ "ಯಾವುದು?" ಎಂದು ತಿರುಗಿ ಕೇಳುತ್ತಾರೆ, ಅಷ್ಟು ಸಮೃದ್ಧಿ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ನಿಂತು ಕಟ್ಟಿದ್ದು ಕಾರ್ಪೊರೇಶನ್ ಬ್ಯಾಂಕಾಗಿ ಬೆಳೆಯಿತು. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವರು ಸೇರಿ ಹುಟ್ಟಿಸಿದ್ದು ಸಿಂಡಿಕೇಟ್ ಬ್ಯಾಂಕಾಯಿತು. ಜನ ಲ್ಯಾಪ್‌ಟಾಪು ಹಿಡಿದು ಊರು ಸೇರಿದ್ದ ಅದೇ ದಿನಗಳಲ್ಲಿ, 2020ರ ಏಪ್ರಿಲ್ 1ರಂದು, ಮೊದಲನೆಯದು ಯೂನಿಯನ್ ಬ್ಯಾಂಕಿನಲ್ಲೂ ಎರಡನೆಯದು ಕೆನರಾ ಬ್ಯಾಂಕಿನಲ್ಲೂ ಲೀನವಾದವು. ಆದರೆ ಆಫೀಸನ್ನು ಚೀಲದಲ್ಲಿ ಹೊತ್ತು ತಿರುಗುವ ವಿದ್ಯೆ ನಮ್ಮೂರಿಗೆ ಆಗ ಬಂದದ್ದಲ್ಲ. 1928ರಲ್ಲೇ ಸಿಂಡಿಕೇಟಿನವರು ಪಿಗ್ಮಿ ಠೇವಣಿ ಶುರುಮಾಡಿದ್ದರು. ದಿನಕ್ಕೆ ಎರಡಾಣೆ ಉಳಿಸಿದರೆ ಸಾಕು, ಅದನ್ನು ಕಟ್ಟಲು ಬ್ಯಾಂಕಿಗೆ ಹೋಗುವುದೂ ಬೇಡ. ಏಜೆಂಟರೇ ಚೀಲ ನೇತುಹಾಕಿಕೊಂಡು ಮನೆಗೆ, ಅಂಗಡಿಗೆ ಬರುತ್ತಿದ್ದರು. ಜಗಲಿಯಲ್ಲಿ ಕೂತು ಚೀಲ ಬಿಚ್ಚಿದರೆ ಬ್ಯಾಂಕು ತೆರೆಯಿತು, ಚೀಟಿ ಹರಿದು ಕೊಟ್ಟು ಎದ್ದರೆ ಮುಚ್ಚಿತು. ಸೊಂಟ ನೋಯುವ ಕುರ್ಚಿ ಇಲ್ಲ, ಮೀಟಿಂಗು ಇಲ್ಲ, ಮಜ್ಜಿಗೆ ಮಾತ್ರ ಮನೆಮನೆಗೂ ಇತ್ತು.

ಅಪ್ಪನಂಥವರ ಬ್ಯಾಂಕಿಗೆ ಕಬ್ಬಿಣದ ಶಟರು ಬೇರೆ ಇತ್ತು. ಸಂಜೆ ಲೆಕ್ಕ ತಾಳೆಯಾಗದೆ ಅಪ್ಪ ಮನೆಗೆ ಬರುವಂತಿರಲಿಲ್ಲ. ತಾಳೆಯಾದ ಮೇಲೆ ಬ್ಯಾಂಕು ಮನೆಗೆ ಬರುವಂತಿರಲಿಲ್ಲ. ಹೊತ್ತು ತರೋಣವೆಂದರೆ ಆ ಲೆಡ್ಜರು ಇಬ್ಬರು ಹೊರುವ ಭಾರ. ನನ್ನ ಆಫೀಸು ಚೀಲದಲ್ಲಿ ಹಿಡಿಸುತ್ತದೆ, ಚಾವಡಿಯಲ್ಲಿ ಬಿಚ್ಚಿಕೊಳ್ಳುತ್ತದೆ, ಅದಕ್ಕೆ ಶಟರು ಎಲ್ಲಿಂದ ತರಲಿ?

ಈ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ಬಾಲದ ತುದಿಯಲ್ಲಿರುವ ಪ್ಲಗ್ಗಿನ ಕಥೆ ಸ್ವಲ್ಪ ಹೇಳಬೇಕು. 1987ರಲ್ಲಿ ಬಂದ ವಿಜಿಎ ಪ್ಲಗ್ಗಿಗೆ 15 ಪಿನ್ನು, ಎರಡು ಕಡೆ ತಿರುಪು. ಪ್ರೊಜೆಕ್ಟರಿಗೆ ಅದನ್ನು ಸಿಕ್ಕಿಸಿ ಚಿತ್ರ ಬರುವವರೆಗೆ ಸಭೆಯಲ್ಲಿ ಸ್ವಾಗತ, ಪ್ರಾರ್ಥನೆ, ಪ್ರಾಸ್ತಾವಿಕ ಮೂರೂ ಮುಗಿಯುತ್ತಿದ್ದವು. 1992ರಲ್ಲಿ ಆ್ಯಪಲ್ ಕಂಪೆನಿ ಪವರ್‌ಬುಕ್ ಡುಯೊ ಎಂಬ ಲ್ಯಾಪ್‌ಟಾಪಿನ ಜೊತೆ ಡುಯೊ ಡಾಕ್ ಎಂಬ ಪೆಟ್ಟಿಗೆ ಮಾಡಿತು. ಲ್ಯಾಪ್‌ಟಾಪನ್ನು ಮುಚ್ಚಿ ಪೆಟ್ಟಿಗೆಯ ಬಾಯಿಗೆ ಕೊಟ್ಟರೆ ಒಳಗಿನ ಮೋಟಾರು ಅದನ್ನು ಮೆಲ್ಲಗೆ ಎಳೆದುಕೊಳ್ಳುತ್ತಿತ್ತು; ಮೇಲೆ ದೊಡ್ಡ ಮಾನಿಟರು ಕೂರಿಸಿದರೆ ಮೇಜಿನ ಕಂಪ್ಯೂಟರು ತಯಾರು. ಆಮೇಲೆ ಎಲ್ಲ ಕಂಪೆನಿಗಳೂ ತಮ್ಮ ತಮ್ಮ ಲ್ಯಾಪ್‌ಟಾಪಿನ ಅಡಿಗೆ ಹೊಂದುವ ಡಾಕು ಮಾಡಿದವು. ಒಬ್ಬರದ್ದು ಇನ್ನೊಬ್ಬರಿಗೆ ಕೂರುತ್ತಿರಲಿಲ್ಲ. ಹಲವು ಸಲ ಅದೇ ಕಂಪೆನಿಯ ಹಳೆಯ ಡಾಕು ಹೊಸ ಲ್ಯಾಪ್‌ಟಾಪಿಗೂ ಕೂರುತ್ತಿರಲಿಲ್ಲ. 2014ರಲ್ಲಿ ಯುಎಸ್‌ಬಿ-ಸಿ ಬಂತು. ಕಿರುಬೆರಳ ಉಗುರಿನಷ್ಟು ಅಗಲ, ಒಳಗೆ 24 ಪಿನ್ನು, ಮೇಲೆ ಕೆಳಗೆ ಎಂಬ ಭೇದವಿಲ್ಲ. ಕರೆಂಟು, ಡೇಟಾ, ಚಿತ್ರ ಮೂರೂ ಒಂದೇ ತೂತಿನಲ್ಲಿ ಹೋಗಿ ಬರುತ್ತವೆ. ಡಾಕು ಅಂಗೈಗೆ ಇಳಿದದ್ದು ಆಮೇಲೆಯೇ.

ತೂತು ಒಂದೇ ತರಹ ಕಂಡರೂ ಅದರ ಗುಣ ಒಂದೇ ಅಲ್ಲ. ಕೆಲವು ಲ್ಯಾಪ್‌ಟಾಪಿನ ತೂತು ಚಾರ್ಜಿಗೆ ಮಾತ್ರ. ಕೆಲವದ್ದು ಡೇಟಾ ಕೊಡುತ್ತದೆ, ಚಿತ್ರ ಕೊಡುವುದಿಲ್ಲ. ವಯರುಗಳಲ್ಲೂ ಅದೇ ಕಥೆ: ಮೊಬೈಲಿನ ಪೆಟ್ಟಿಗೆಯಲ್ಲಿ ಬಂದ ವಯರು ಮಾನಿಟರಿಗೆ ಹಾಕಿದರೆ ಮಾನಿಟರು ಮೌನವ್ರತ ಹಿಡಿಯುತ್ತದೆ. ಇದೆಲ್ಲ ಕೇಳಿ ತಿಳಿಯೋಣವೆಂದು ಉಡುಪಿಯ ಅಂಗಡಿಯೊಂದಕ್ಕೆ ಹೋಗಿದ್ದೆ. ಕೌಂಟರಿನ ಹುಡುಗ ಬಹಳ ಮರ್ಯಾದೆಯವ.

"ಇದರಲ್ಲಿ ಎರಡು ಮಾನಿಟರಿಗೆ ಬೇರೆಬೇರೆ ಚಿತ್ರ ಬರ್ತದಾ?"

"ಬರ್ತದೆ ಸಾರ್. ಎಲ್ಲ ಬರ್ತದೆ."

"ಮ್ಯಾಕಿಗೂ ಆಗ್ತದಾ?"

"ಎಲ್ಲದಕ್ಕೂ ಆಗ್ತದೆ ಸಾರ್."

"ಫೋರ್‌ಕೆಯಲ್ಲಿ ಎಷ್ಟು ಹರ್ಟ್ಸ್ ಬರ್ತದೆ?"

ಅವನು ಪೆಟ್ಟಿಗೆಯನ್ನು ತಿರುಗಿಸಿ ನೋಡಿದ. ಓನರಿನ ಕಡೆಗೊಮ್ಮೆ ನೋಡಿದ. ಆಮೇಲೆ ದನಿ ತಗ್ಗಿಸಿ ಕೇಳಿದ: "ನಿಮಗೆ ಎಷ್ಟು ಬೇಕಿತ್ತು?"

ಚೌಕಾಸಿ ಮಾಡಿದರೆ ನಾಲ್ಕು ಹರ್ಟ್ಸು ಹೆಚ್ಚು ಸಿಗುತ್ತಿತ್ತೋ ಏನೋ. ಅಗ್ಗದ ಡಾಕುಗಳಲ್ಲಿ ಸಿಗುವುದು 30. ಕಣ್ಣಿಗೆ ಹಿತವಾಗಿರಲು 60 ಬೇಕು. ಕಾರಣ ಸರಳ: ಆ ವಯರಿನಲ್ಲಿ ಚಿತ್ರ ಸಾಗಿಸಲು ನಾಲ್ಕು ಲೇನುಗಳಿವೆ. ಸಣ್ಣ ಡಾಕುಗಳು ಅದರಲ್ಲಿ ಎರಡನ್ನು ಪೆನ್‌ಡ್ರೈವು, ಹಾರ್ಡ್ ಡಿಸ್ಕುಗಳ ಡೇಟಾಗೆ ಬಿಟ್ಟುಕೊಡುತ್ತವೆ. ಉಳಿದ ಎರಡರಲ್ಲಿ ಫೋರ್‌ಕೆ ಚಿತ್ರ ಸೆಕೆಂಡಿಗೆ 60 ಸಲ ಹಾಯಲಾರದೆ 30ಕ್ಕೆ ಇಳಿಯುತ್ತದೆ. ಆಗ ಮೌಸಿನ ಬಾಣ ಮಧ್ಯಾಹ್ನ ಕುಚ್ಚಲಕ್ಕಿ ಊಟ ಮಾಡಿ ಎದ್ದವನ ನಡಿಗೆಯಲ್ಲಿ ಚಲಿಸುತ್ತದೆ. ಬಿಲ್ಲು ನೋಡುವವನಿಗೆ ಅಷ್ಟು ಸಾಕು, ಸಾಲದ್ದು ಆಟ ಆಡುವ ಹುಡುಗರಿಗೆ.

ಮ್ಯಾಕಿನ ಪ್ರಶ್ನೆ ನನ್ನದಲ್ಲ, ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ತಂಗಿಯ ಮಗನದ್ದು. ಅವನದ್ದು 2020ರ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್. ಹೊರಗಿನ ಸ್ಕ್ರೀನು ಒಂದೇ ಸಾಕು ಎಂಬುದು ಅದರ ಹಣೆಬರಹ. ಎರಡು ಮಾನಿಟರಿನ ಡಾಕು ಹಾಕಿದರೆ ಎರಡರಲ್ಲೂ ಅದೇ ಚಿತ್ರ ಬಂದು ನಿಲ್ಲುತ್ತದೆ. ವಿಂಡೋಸ್ ಲ್ಯಾಪ್‌ಟಾಪುಗಳು ಒಂದು ದಾರಿಯ ಚಿತ್ರವನ್ನು ಎರಡಾಗಿ ಸೀಳಿ ಎರಡು ಮಾನಿಟರಿಗೆ ಹಂಚಬಲ್ಲವು, ಮ್ಯಾಕಿಗೆ ಆ ಕ್ರಮ ಒಗ್ಗಿಲ್ಲ. ಇದಕ್ಕೆ ಅಡ್ಡದಾರಿಯೂ ಇದೆ, ಡಿಸ್‌ಪ್ಲೇಲಿಂಕ್ ಎಂದು. ಲ್ಯಾಪ್‌ಟಾಪಿನ ಒಳಗೇ ಒಂದು ತಂತ್ರಾಂಶ ಚಿತ್ರವನ್ನು ಕುಗ್ಗಿಸಿ ಸಾಮಾನ್ಯ ಡೇಟಾದ ವೇಷ ಹಾಕಿಸಿ ಕಳಿಸುತ್ತದೆ. ಡಾಕಿನೊಳಗಿನ ಚಿಪ್ಪು ಆ ವೇಷ ಬಿಚ್ಚಿ ಮಾನಿಟರಿಗೆ ಕೊಡುತ್ತದೆ. ಹುಡುಗ ಅಂಥದ್ದೇ ತಂದು ಮೂರು ಸ್ಕ್ರೀನು ಮಾಡಿಕೊಂಡ. ಪರೀಕ್ಷೆಯ ಮೊದಲ ವಾರ ಸಿನಿಮಾ ಹಾಕಲು ನೋಡಿದರೆ ಸ್ಕ್ರೀನು ಕಪ್ಪು. ತಂತ್ರಾಂಶ ಮ್ಯಾಕಿನ ಪರದೆಯನ್ನು ಸೆರೆಹಿಡಿದು ಕಳಿಸುವ ಕಾರಣ, ಕಾಪಿ ಹೊಡೆಯದಂತೆ ಕಾವಲಿಟ್ಟ ಸಿನಿಮಾಗಳು ಅಲ್ಲಿ ಮುಖ ತೋರಿಸುವುದಿಲ್ಲ. "ಮಾವ, ಇದಕ್ಕೆಂತ ಮಾಡುದು?" ಎಂದು ಫೋನು ಮಾಡಿದ. ನಾನು ಗೊತ್ತಿಲ್ಲ ಎಂದೆ. ಪಕ್ಕದಲ್ಲಿದ್ದ ತಂಗಿ ಆ ಕಾವಲಿನವರಿಗೆ ಮನಸ್ಸಿನಲ್ಲೇ ಕೈಮುಗಿದಳು.

ಡಾಕಿಗೆ ಹಸಿವೂ ಇದೆ. 100 ವಾಟಿನ ಚಾರ್ಜರು ಸಿಕ್ಕಿಸಿದರೆ ಲ್ಯಾಪ್‌ಟಾಪಿಗೆ 100 ತಲುಪುವುದಿಲ್ಲ. ಇಂಥ ಡಾಕುಗಳು ಸುಮಾರು 15 ವಾಟನ್ನು ತಮ್ಮಲ್ಲೇ ಇಟ್ಟುಕೊಂಡು 85ನ್ನು ಮುಂದೆ ಕಳಿಸುತ್ತವೆ. ಲ್ಯಾಪ್‌ಟಾಪಿನ ಜೊತೆ ಬಂದ 65 ವಾಟಿನ ಚಾರ್ಜರನ್ನೇ ಹಾಕಿದರಂತೂ ಉಳಿದ 50 ವಾಟಿನಲ್ಲಿ ಸಂಸಾರ ಸಾಗಬೇಕು. ಸಂಜೆಯ ಹೊತ್ತಿಗೆ ಚಾರ್ಜಿಗೆ ಹಾಕಿಯೇ ಇದ್ದ ಲ್ಯಾಪ್‌ಟಾಪು ಚಾರ್ಜಿಲ್ಲ ಎನ್ನುತ್ತದೆ. ಇದನ್ನು ಅಪ್ಪನಿಗೆ ವಿವರಿಸಿದಾಗ ಅವರು ಕನ್ನಡಕ ತೆಗೆದು ಒರೆಸಿದರು. "ನೂರಕ್ಕೆ ಹದಿನೈದು ಕಮಿಷನ್ನಾ? ಇಷ್ಟು ನಮ್ಮ ಪಿಗ್ಮಿ ಏಜೆಂಟರಿಗೂ ಸಿಕ್ಕಿರಲಿಲ್ಲ ಮಾರಾಯ. ಅವರಾದರೂ ಬಿಸಿಲಲ್ಲಿ ನಡೀತಿದ್ರು."

ಕಾಪುವಿನಲ್ಲಿ ಡಾಕಿನ ಶತ್ರು ಬೇರೆ. ಸಮುದ್ರದ ಗಾಳಿ ಬೀಗಕ್ಕೆ, ಸೈಕಲ್ಲಿಗೆ, ಕಿಟಕಿಯ ಕೊಂಡಿಗೆ ಮಾಡುವುದನ್ನೇ 24 ಪಿನ್ನುಗಳಿಗೂ ಮಾಡುತ್ತದೆ. ಬಂಡೆಯ ಮೇಲಿನ ನಮ್ಮ ಲೈಟ್‌ಹೌಸು 1901ರಿಂದ ಅದೇ ಉಪ್ಪುಗಾಳಿಗೆ ಎದೆಕೊಟ್ಟು ನಿಂತಿದೆ. ಆದರೆ ಅದು ಕಲ್ಲುಗಾರೆಯ ಕಾಲದ್ದು. ಜೂನ್ ಬಂದ ಮೇಲೆ ಮನೆಯೊಳಗೆ ಚಪ್ಪಲಿಗೆ ಬೂಷ್ಟು, ಪುಸ್ತಕಕ್ಕೆ ಬೂಷ್ಟು. ಅಪ್ಪ ಯೋಚಿಸಿ ಡಾಕನ್ನು ರಾತ್ರಿ ಹಪ್ಪಳದ ಡಬ್ಬಿಯಲ್ಲಿಡುವ ವ್ಯವಸ್ಥೆ ಮಾಡಿದರು. ಮಳೆಗಾಲದಲ್ಲಿ ಮೆತ್ತಗಾಗಬಾರದ ವಸ್ತುಗಳೆಲ್ಲ ನಮ್ಮಲ್ಲಿ ಅಲ್ಲಿರುವುದೇ ರೂಢಿ. ಡಬ್ಬಿಯ ಮುಚ್ಚಳ ಗಟ್ಟಿ, ಗಾಳಿ ಆಡುವುದಿಲ್ಲ. ಡಾಕು ಚೆನ್ನಾಗಿಯೇ ಉಳಿದಿದೆ. ಮಣಿಪಾಲದ ಆಫೀಸಿನಲ್ಲಿ ಅದು ಬಿಸಿಯಾದಾಗ ಮಾತ್ರ ಸುತ್ತಲಿನವರು ಮೂಗು ಅರಳಿಸಿ, "ಎಲ್ಲಿಂದ ಮಾರ್ರೆ, ಹಲಸಿನ ಹಪ್ಪಳದ ಪರಿಮಳ?" ಎಂದು ಕೇಳುತ್ತಾರೆ.

ಮಣಿಪಾಲ ಒಂದು ಕಾಲಕ್ಕೆ ಮುರಕಲ್ಲಿನ ಬೋಳು ಗುಡ್ಡ. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಅಲ್ಲಿ ಹುಟ್ಟಿದ ಮೇಲೆ ಗುಡ್ಡಕ್ಕೆ ದೇಶವಿದೇಶದ ಮಕ್ಕಳು ಹತ್ತಿದರು. ಕೆಳಗೆ ಉಡುಪಿಯಲ್ಲಿ 1996ರಲ್ಲಿ ರೋಬೋಸಾಫ್ಟ್ ಶುರುವಾಗಿ ಮ್ಯಾಕಿಗೆ ತಂತ್ರಾಂಶ ಬರೆಯತೊಡಗಿತು. ಕೊಂಕಣ ರೈಲು ಹಳಿಯುದ್ದಕ್ಕೂ ಓಡಲು 1998ರ ಜನವರಿ ಬೇಕಾಯಿತು. ಅಂದರೆ ಹಳಿ ಪೂರ್ತಿ ಕೂಡುವ ಮೊದಲೇ ನಮ್ಮೂರಿಂದ ಹೊರಜಗತ್ತಿಗೆ ಸಾಫ್ಟ್‌ವೇರು ಹೊರಟಿತು. ಆ ಕಾಲದ ಕಂಪ್ಯೂಟರು ಒಂದು ಮೇಜಿನಲ್ಲಿ ಕೂತರೆ ಅಲ್ಲೇ ಕೂತಿತು. ಅದರ ಎದುರು ಕೂರುವವನಿಗೂ ಅದೇ ಜಾಗ ಖಾಯಂ. ಈಗಿನ ಆಫೀಸುಗಳಲ್ಲಿ ಯಾರ ಜಾಗವೂ ಯಾರದ್ದೂ ಅಲ್ಲ. ಮೇಜಿಗೊಂದು ಡಾಕು, ಎರಡು ಮಾನಿಟರು. ಮೊದಲು ಬಂದವನು ಚುಚ್ಚಿ ಕೂರಬೇಕು. ಬಸ್ಸಿನ ಕಿಟಕಿಯಿಂದ ಕೈ ತೂರಿ ಸೀಟಿಗೆ ಟವಲು ಹಾಕಿ ಬೆಳೆದ ನಮ್ಮ ಜನಕ್ಕೆ ಇದೇನು ಕಷ್ಟವಲ್ಲ. ಕಿಟಕಿ ಬದಿಯ ಮೇಜುಗಳ ಮೇಲೆ ಬೆಳಿಗ್ಗೆ ಒಂಬತ್ತಕ್ಕೇ ನೀರಿನ ಬಾಟಲಿಗಳು ಕೂತಿರುತ್ತವೆ, ಮನುಷ್ಯರು ಹನ್ನೊಂದಕ್ಕೆ ಬರುತ್ತಾರೆ.

ಬೇರೆಯವರ ಮೇಜಿನಲ್ಲಿ ಕೂತಾಗಿನ ತಮಾಷೆಯೆಂದರೆ ನನ್ನ ಲ್ಯಾಪ್‌ಟಾಪಿಗೆ ಎಡ ಯಾವುದು ಬಲ ಯಾವುದು ಎಂದು ಹೊಸದಾಗಿ ಕಲಿಸಬೇಕು. ಎಡಗಡೆಗೆ ದೂಡಿದ ಮೌಸಿನ ಬಾಣ ಬಲಗಡೆಯ ಸ್ಕ್ರೀನಿನ ಕೊನೆಯಿಂದ ಪ್ರತ್ಯಕ್ಷವಾಗುತ್ತದೆ. ಅದನ್ನು ಸರಿಮಾಡಿ ಕೂತರೆ, ನಿನ್ನೆ ಅಲ್ಲಿ ಕೂತಿದ್ದವನು ಸಂಜೆ ಎದ್ದಾಗ ಏನೆಲ್ಲ ಕಿತ್ತುಕೊಂಡು ಹೋಗಿದ್ದಾನೆ ಎಂಬುದು ಒಂದೊಂದಾಗಿ ತಿಳಿಯುತ್ತದೆ. ಚಾರ್ಜರಿಲ್ಲ, ಮೌಸಿನ ವಯರು ಕುರ್ಚಿಯ ಚಕ್ರಕ್ಕೆ ಸುತ್ತಿದೆ, ಮಾನಿಟರಿನ ಮೂತಿ ಗೋಡೆಗೆ. ಕೂರುವ ಕ್ರಮ ಎಲ್ಲರಿಗೂ ಗೊತ್ತು, ಏಳುವ ಕ್ರಮ ಯಾರೂ ಹೇಳಿಕೊಟ್ಟಿಲ್ಲ.

ಹೇಳಿಕೊಟ್ಟವರು ಗುಡ್ಡದ ಕೆಳಗೆ ಉಡುಪಿಯಲ್ಲೇ ಇದ್ದಾರೆ. ಕೃಷ್ಣಮಠದಲ್ಲಿ ಪೂಜೆಯ ಗದ್ದುಗೆ ಒಂದು, ಮಠಗಳು ಎಂಟು. ಮೊದಲು ಎರಡೆರಡು ತಿಂಗಳಿಗೆ ಸರದಿ ಬದಲಾಗುತ್ತಿತ್ತು. ವಾದಿರಾಜರು 1522ರಿಂದ ಅದನ್ನು ಎರಡು ವರ್ಷಕ್ಕೆ ಏರಿಸಿದರು. ಸರಿಸಂಖ್ಯೆಯ ವರ್ಷಗಳ ಜನವರಿಯಲ್ಲಿ ಸರದಿ ಬದಲಾಗುವ ರಾತ್ರಿ ಉಡುಪಿಗೆ ನಿದ್ದೆಯಿಲ್ಲ. ಗದ್ದುಗೆ ಏರುವ ಸ್ವಾಮಿಗಳು ನಮ್ಮ ಕಾಪುವಿನ ದಂಡತೀರ್ಥಕ್ಕೆ ಬಂದು ಮಿಂದು, ಜೋಡುಕಟ್ಟೆಯಿಂದ ಮೆರವಣಿಗೆಯಲ್ಲಿ ರಥಬೀದಿಗೆ ಹೋಗುತ್ತಾರೆ. ಇಳಿಯುವ ಸ್ವಾಮಿಗಳು ಕಾದಿದ್ದು ಅಕ್ಷಯಪಾತ್ರೆ, ಸಟ್ಟುಗ, ಗರ್ಭಗುಡಿಯ ಕೀಲಿಕೈಗಳನ್ನು ಕೊಡುತ್ತಾರೆ. ಪಾತ್ರೆ, ಸಟ್ಟುಗ, ಕೀಲಿಕೈ ಇಷ್ಟೇ. ಸಾವಿರಾರು ಜನರ ನಿತ್ಯದ ಊಟ, ದಿನದ ಪೂಜೆ, ಉತ್ಸವ ಎಲ್ಲವೂ ಒಂದು ಕೈಯಿಂದ ಇನ್ನೊಂದಕ್ಕೆ ದಾಟಿತು. ಎದ್ದವರು ರಥಬೀದಿಯಲ್ಲೇ ಇರುವ ತಮ್ಮ ಮಠಕ್ಕೆ ನಡೆಯುತ್ತಾರೆ. ಅವರ ಮುಂದಿನ ಸರದಿಗೆ ಹದಿನಾಲ್ಕು ವರ್ಷ. ಇಷ್ಟು ದೊಡ್ಡ ಗದ್ದುಗೆಯಿಂದ ಇಷ್ಟು ಹಗುರಾಗಿ ಏಳುವ ಪದ್ಧತಿಯನ್ನು ಐನೂರು ವರ್ಷ ಕಂಡ ಊರಿನಲ್ಲಿ, ಆರಡಿಯ ಮೇಜಿನಿಂದ ಏಳುವಾಗ ನಾವು ಚಾರ್ಜರು ಕದಿಯುತ್ತೇವೆ.

ಕಾರ್ಕಳದ ದಾರಿ ಪಡುಬಿದ್ರಿಯಲ್ಲಿ ಹೆದ್ದಾರಿ ಬಿಡುತ್ತದೆ. ಯೆಲ್ಲೂರಿನ 1200 ಮೆಗಾವ್ಯಾಟಿನ ಸ್ಥಾವರದ ಚಿಮಣಿ ಹಿಂದೆ ಸರಿಯುತ್ತದೆ. ಬೆಳ್ಮಣ್, ನಿಟ್ಟೆ ದಾಟಿದರೆ ಗುಡ್ಡದ ಮೇಲೆ 1432ರಿಂದ ನಿಂತಿರುವ 42 ಅಡಿಯ ಗೊಮ್ಮಟ. ಅಷ್ಟು ದೊಡ್ಡ ಚಿಮಣಿ ಪಕ್ಕದಲ್ಲಿದ್ದರೂ ತೆಂಗಿನ ಮಡಲು ಲೈನಿನ ಮೇಲೆ ಬಿದ್ದರೆ ದೊಡ್ಡಮ್ಮನ ಮನೆಯಲ್ಲಿ ಕತ್ತಲೆ. ಅದಕ್ಕೆಂದೇ ಇನ್‌ವರ್ಟರು ಇದೆ, ಆದರೆ ಅದು ಇರುವುದು ಲೈಟಿಗೆ, ಫ್ಯಾನಿಗೆ ಮತ್ತು ದೊಡ್ಡಮ್ಮನ ಮಾತಿನಲ್ಲಿ "ಹೆದರಿಕೆಗೆ".

ದೊಡ್ಡಮ್ಮನ ಟಿ.ವಿ. ನನ್ನ ಮೂರನೆಯ ಸ್ಕ್ರೀನು. ಅದು ಆಕೆಯ ಯಕ್ಷಗಾನದ ರಂಗಸ್ಥಳವೂ ಹೌದು. ಮೊಬೈಲಿನಲ್ಲಿ ಸಣ್ಣದಾಗಿ ಕಾಣುವ ಯೂಟ್ಯೂಬಿನ ಆಟವನ್ನು ಟಿ.ವಿ.ಗೆ ಹಾಕಿಕೊಟ್ಟವನೇ ನಾನು. ಹಾಗಾಗಿ ಈಗ ಬಿಟ್ಟುಕೊಡಿ ಎನ್ನುವ ಧೈರ್ಯವಿಲ್ಲ. ಒಪ್ಪಂದವೊಂದು ಆಯಿತು. "ಮೂರರಲ್ಲಿ ಒಂದರಲ್ಲಿ ಬರೀ ಕಾಗದ ಬಂದಿದಾ ಬಂದಿದಾ ಅಂತ ನೋಡ್ತಾ ಕೂತಿರ್ತಿ. ಕಾಗದ ಬಂದ್ರೆ ನಾನೇ ಹೇಳ್ತೆ ಮಾಣಿ, ನೀನು ಆಟ ಹಾಕು" ಎಂದರು. ಅದರಂತೆ ಈಮೇಲಿನ ಜಾಗಕ್ಕೆ ಕೌರವನ ಒಡ್ಡೋಲಗ ಬಂತು. ಡಾಕು ಚುಚ್ಚಿದ ಕೂಡಲೇ ಲ್ಯಾಪ್‌ಟಾಪಿನ ಧ್ವನಿಯೂ ತನ್ನಷ್ಟಕ್ಕೆ ಟಿ.ವಿ.ಯ ಸ್ಪೀಕರಿಗೆ ಹೋಗುವುದು ಈ ಯಂತ್ರಗಳ ಜಾಯಮಾನ. ಮೀಟಿಂಗು ಶುರುವಾಯಿತು. ಟಿ.ವಿ.ಯಲ್ಲಿ ಕಿರೀಟ ಕಟ್ಟಿದ ಕೌರವ ಬಾಯಿ ತೆರೆದ. ಹೊರಬಂದದ್ದು ನಮ್ಮ ಮ್ಯಾನೇಜರರ ಇಂಗ್ಲಿಷು. ಬಾಕಿ ಉಳಿದ ಬಿಲ್ಲುಗಳ ಬಗ್ಗೆ ಖಡಕ್ಕಾಗಿ ವಿಚಾರಿಸುತ್ತಿದ್ದರು. ದೊಡ್ಡಮ್ಮ ಪೂರ್ತಿ ಕೇಳಿ ತೀರ್ಪು ಕೊಟ್ಟರು: "ಅರ್ಥಗಾರಿಕೆ ಗಟ್ಟಿ ಉಂಟು. ಅಭಿನಯ ಸಾಲದು."

ಒಂದು ಸಂಜೆ ಅವರನ್ನು ಚತುರ್ಮುಖ ಬಸದಿಗೆ ಕರೆದುಕೊಂಡು ಹೋಗಿದ್ದೆ. 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ್ದು. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಯಾವುದರಿಂದ ಒಳಹೋದರೂ ಎದುರಿಗೆ ಅದೇ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಮೂರು ಮೂರ್ತಿ. ಕಟ್ಟಿಸಿದವರಿಗೆ ನಮ್ಮ ಸ್ವಭಾವ ಗೊತ್ತಿತ್ತು. ಎಷ್ಟು ಬಾಗಿಲು ತೆರೆದಿಟ್ಟರೂ ಮನುಷ್ಯ ಒಂದು ಸಲಕ್ಕೆ ಒಂದರಲ್ಲೇ ನಿಲ್ಲುವವನು. ಉಳಿದ ಮೂರರಲ್ಲಿ ತನಗೆ ತಪ್ಪಿಹೋದದ್ದೇನೋ ಇದೆ ಎಂಬ ಚಡಪಡಿಕೆ ಬಾರದ ಹಾಗೆ ಎಲ್ಲ ಕಡೆ ಒಂದೇ ದರ್ಶನ ಇಟ್ಟರು. ನಮ್ಮ ಸ್ಕ್ರೀನುಗಳದ್ದು ಇದಕ್ಕೆ ವಿರುದ್ಧ ಧರ್ಮ: ಒಂದನ್ನು ನೋಡುವಾಗ ಉಳಿದೆರಡರಲ್ಲಿ ಏನೋ ಮಿಣುಕುತ್ತಲೇ ಇರಬೇಕು. ಎಡದ ಬಿಲ್ಲಿಗೂ ನಡುವಿನ ಲೆಕ್ಕಕ್ಕೂ ತಾಳೆ ಹಾಕುವುದು ಕೆಲಸ. ಬಲದ ಮಿಣುಕಿಗೆ ತಿರುಗುವುದು ಚಟ. ದೊಡ್ಡಮ್ಮ ಆ ಮೂರನೆಯದನ್ನು ಕಿತ್ತುಕೊಂಡ ದಿನಗಳಲ್ಲಿ ನನ್ನ ಬಿಲ್ಲುಗಳು ಬೇಗ ಮುಗಿಯುತ್ತಿದ್ದದ್ದನ್ನು ಅವರಿಗೆ ಇನ್ನೂ ಹೇಳಿಲ್ಲ.

ಇನ್ನು ಶಟರಿನ ಪ್ರಶ್ನೆ. ಅದಕ್ಕೆ ಉತ್ತರ ಬಂದದ್ದು ಘಟ್ಟದ ಕಡೆಯಿಂದ. ಅಕ್ಟೋಬರಿನಲ್ಲಿ ಮಧ್ಯಾಹ್ನ ಮೂರರ ಮೇಲೆ ಪೂರ್ವದಲ್ಲಿ ಮೋಡ ಕಪ್ಪಾಯಿತೆಂದರೆ ಕಾರ್ಕಳದ ಮನೆಮನೆಗಳಲ್ಲಿ ಒಂದು ಕವಾಯತು ಶುರುವಾಗುತ್ತದೆ. ಟಿ.ವಿ.ಯ ವಯರು, ಮೋಡೆಮ್ಮಿನ ವಯರು, ಫ್ರಿಜ್ಜಿನ ಪ್ಲಗ್ಗು, ಪಂಪಿನ ಫ್ಯೂಸು. ಸ್ವಿಚ್ಚು ಆಫ್ ಮಾಡಿದರೆ ಸಾಲದು, ಬುಡದಿಂದ ಕೀಳಬೇಕು. ಸಿಡಿಲು ಸ್ವಿಚ್ಚನ್ನು ಕೇಳಿಕೊಂಡು ಬರುವುದಿಲ್ಲ ಎಂಬುದು ನಮ್ಮ ಕಡೆಯ ಎಲ್ಲ ಅಮ್ಮಂದಿರೂ ಬಲ್ಲ ವಿಜ್ಞಾನ. ಮೊದಲ ಗುಡುಗಿಗೆ ದೊಡ್ಡಮ್ಮ ಅಡುಗೆಮನೆಯಿಂದ ಕೂಗುತ್ತಾರೆ: "ತೆಗಿ, ತೆಗಿ, ಎಲ್ಲ ತೆಗಿ!" ಮೊದಲಿನ ಹಾಗೆ ಲ್ಯಾಪ್‌ಟಾಪಿಗೆ ಐದಾರು ವಯರು ಸಿಕ್ಕಿಸಿದ್ದರೆ ಎರಡನೆಯ ಗುಡುಗಿನವರೆಗೂ ಕೀಳುತ್ತಲೇ ಇರಬೇಕಿತ್ತು. ಈಗ ಬಾಲ ಹಿಡಿದು ಒಂದು ಎಳೆತ. ಎಕ್ಸ್‌ಟೆನ್ಶನ್ ಬೋರ್ಡನ್ನು ಗೋಡೆಯಿಂದ ಕಿತ್ತು ಇನ್ನೊಂದು ಎಳೆತ. ಮೂರು ಸ್ಕ್ರೀನಿನಲ್ಲಿ ಹರಡಿದ್ದ ಕಿಟಕಿಗಳೆಲ್ಲ ದಡಬಡನೆ ಓಡಿಬಂದು ಲ್ಯಾಪ್‌ಟಾಪಿನ ಒಂದೇ ಸ್ಕ್ರೀನಿನಲ್ಲಿ ಒಂದರ ಮೇಲೊಂದು ಕೂರುತ್ತವೆ. ಮುಚ್ಚಳ ಮುಚ್ಚಿದರೆ ಆಫೀಸು ಮುಗಿಯಿತು. ನಾಳೆ ಬಾಲ ಚುಚ್ಚಿದಾಗ ಹೆಚ್ಚಿನವು ತಮ್ಮ ತಮ್ಮ ಸ್ಕ್ರೀನಿಗೆ ತಾವಾಗಿ ಮರಳುವಷ್ಟು ಬುದ್ಧಿ ವಿಂಡೋಸ್ 11ಕ್ಕೆ ಬಂದಿದೆ.

ಟಿ.ವಿ. ಆರಿ, ತೆಳು ಮಾನಿಟರು ಮಡಚಿದ ಮೇಲೆ ದೊಡ್ಡಮ್ಮ ಜಗಲಿಗೆ ಕಾಫಿ ತಂದಿಟ್ಟು, "ಗುಡುಗು ಬಂದ ದಿನ ನಿನ್ನ ಮುಖ ಪೂರ್ತಿ ಕಾಣ್ತದೆ" ಎಂದರು. ಉಳಿದ ದಿನ ಅವರಿಗೆ ಕಾಣುವುದು ಮಾನಿಟರಿನ ಬೆನ್ನು, ಅದರ ಮೇಲೊಂದು ಹಣೆ.

ಆ ಮೇಲಿಂದ ಡಾಕಿನ ಮೇಲೆ ನನ್ನ ದೃಷ್ಟಿಯೇ ಬದಲಾಗಿದೆ. ಇದನ್ನು ಮಾಡಿದವರು ಎಷ್ಟು ಸಾಮಾನು ಜೋಡಿಸಬಹುದು ಎಂದು ಪೆಟ್ಟಿಗೆಯ ಮೇಲೆ ಹೆಮ್ಮೆಯಿಂದ ಅಚ್ಚು ಹಾಕುತ್ತಾರೆ: ಒಂದರಲ್ಲಿ ಹತ್ತು, ಒಂದರಲ್ಲಿ ಹನ್ನೆರಡು. ಜೋಡಿಸುವುದಕ್ಕೆ ಡಾಕೇ ಬೇಕೆಂದಿಲ್ಲ, ತಾಳ್ಮೆ ಇದ್ದರೆ ಒಂದೊಂದಾಗಿ ಸಿಕ್ಕಿಸಬಹುದು. ಇದರ ನಿಜವಾದ ಉಪಕಾರ ಕಳಚುವಲ್ಲಿದೆ. ಅಪ್ಪನಿಗೆ ಶಟರಿತ್ತು, ಪಿಗ್ಮಿ ಏಜೆಂಟರಿಗೆ ಚೀಲದ ಬಾಯಿದಾರವಿತ್ತು. ಚಾವಡಿಯಲ್ಲಿ ಆಫೀಸು ಇಟ್ಟುಕೊಂಡವನಿಗೆ ಈ ಒಂದು ಗೇಣು ಬಾಲವಿದೆ. ಈಗ ಗುಡುಗು ಇಲ್ಲದ ದಿನವೂ ಸಂಜೆ ಆರಕ್ಕೆ ಅದನ್ನು ಎಳೆಯುವುದು ಅಭ್ಯಾಸವಾಗಿದೆ. ಎಳೆದ ಮೇಲೂ ಲ್ಯಾಪ್‌ಟಾಪು ಕೆಲಸ ಮಾಡುತ್ತದೆ ಎಂಬುದು ಬೇರೆ ವಿಷಯ. ಶಟರು ಎಳೆದ ಮೇಲೂ ಬ್ಯಾಂಕಿನೊಳಗೆ ದುಡ್ಡು ಇದ್ದೇ ಇರುತ್ತಿತ್ತು.

ಹಾಗಾಗಿ ಯಾವ ಡಾಕು ತರಲಿ ಎಂದು ಯಾರಾದರೂ ಕೇಳಿದರೆ ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ನಿಮ್ಮ ಲ್ಯಾಪ್‌ಟಾಪಿನ ತೂತು ಚಿತ್ರ ಕೊಡುವ ಜಾತಿಯದ್ದೇ? ಡಾಕು ತನ್ನ ಪಾಲು ತಿಂದ ಮೇಲೆ ಉಳಿಯುವ ವಾಟು ಸಾಕಾಗುತ್ತದೆಯೇ? ಎರಡು ಮಾನಿಟರಿಗೆ ಎರಡು ಚಿತ್ರ, 60 ಹರ್ಟ್ಸಿನಲ್ಲಿ, ನಿಮ್ಮದೇ ಲ್ಯಾಪ್‌ಟಾಪು ತಂದು ಅಂಗಡಿಯಲ್ಲೇ ನೋಡಿದ್ದೀರಾ? ಕೊನೆಯದು, ಮನೆಯವರು ಊಟಕ್ಕೆ ಕರೆದಾಗ ಏಳಲು ಎಷ್ಟು ವಯರು ಕೀಳಬೇಕು? ಒಂದಕ್ಕಿಂತ ಹೆಚ್ಚೆಂದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಒಂದೇ ಎಂದಾದರೆ ತನ್ನಿ, ಆದರೆ ಇದು ಗೊತ್ತಿರಲಿ: ನಾಳೆಯಿಂದ ಮೂರು ಸಲ ಕರೆದರೂ ಏಳದೆ ಕೂತರೆ, ತಪ್ಪನ್ನು ಹೊರಿಸಲು ವಯರುಗಳೂ ಸಿಗುವುದಿಲ್ಲ.